ಕೊಳಲ ದೇವರ ಕಾಡು

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಹಂಗಳ ಬರಲು ಹೆಚ್ಚು ಹೊತ್ತು ಬೇಡ. ಮುಂಗಾರಿನ ದಿನಗಳಲ್ಲಿ ಇಕ್ಕೆಲದ ಹೊಲಗಳ ತುಂಬ ಸೂರ್ಯಕಾಂತಿ, ಚೆಂಡುಹೂವು. ಕೇರಳದ ಕಡೆಯವರು ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ನೇರ ಹೋದರೆ ಬಂಡೀಪುರ, ಹಂಗಳದಲ್ಲಿ ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನಾನು ಬಲಕ್ಕೆ ಹೊರಳಿದ್ದು ಕೊಳಲಿನ ಜಾಡು ಹಿಡಿದು.

ವೀಣೆಗೆ ಮೈಸೂರೆಂಬ ತವರಿದೆ, ಶೇಷಣ್ಣನವರ ಪರಂಪರೆಯಿದೆ. ಈ ಸೀಮೆಯಲ್ಲಿ ಕೊಳಲಿಗೂ ಅಂಥದೊಂದು ನೆಲೆಯಿದ್ದೀತೆ, ಊದುವವರೆಲ್ಲ ಒಂದೆಡೆ ಸೇರುತ್ತಿದ್ದ ಕೂಟವಿದ್ದೀತೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಒಬ್ಬ ದೇವರು, ಒಬ್ಬ ಅರಸು, ಒಂದು ಕಾಡು, ಮತ್ತೆ ದನ ಕಾಯುವ ಜನ. ಇಲ್ಲಿನ ಕೊಳಲುಗಾರರ ಸಂಘವೆಂದರೆ ಇದೇ ಎಂದು ಈಗ ನನಗೆ ಅನ್ನಿಸುತ್ತದೆ.

ಬೆಟ್ಟದ ಬುಡದಲ್ಲಿ ನಮ್ಮ ಗಾಡಿ ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು. ತಿರುವು ತಿರುವಿಗೂ ಗಾಳಿ ತಣ್ಣಗಾಗುತ್ತ ಹೋಗುತ್ತದೆ. 1454 ಮೀಟರ್ ಎತ್ತರದ ನೆತ್ತಿಯಲ್ಲಿ ಇಳಿದಾಗ ಎದುರಿನ ಗೋಪುರವೇ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಇರಲಿಲ್ಲ. ಗುಡಿ ಹೊಯ್ಸಳ ಬಲ್ಲಾಳನ ಕಾಲದ್ದು, 1315ರ ಸುಮಾರಿಗೆ ಕಟ್ಟಿದ್ದು ಎನ್ನುತ್ತಾರೆ. ಒಳಗೆ ಹೋಗಿ ನಿಂತೆ. ಕಲ್ಲಿನ ಮರದ ನೆರಳಲ್ಲಿ ಗೋಪಾಲ, ಒಂದು ಕಾಲಿಗೆ ಇನ್ನೊಂದು ಕಾಲನ್ನು ಅಡ್ಡಹಾಯಿಸಿ, ಕೊಳಲು ತುಟಿಗಿಟ್ಟು ನಿಂತಿದ್ದಾನೆ. ಬಾಗಿಲವಾಡದ ಮೇಲಿಂದ ನೀರು ಜಿನುಗುತ್ತದೆ. ಅರ್ಚಕರು ಅದನ್ನೇ ತೀರ್ಥವೆಂದು ನಮ್ಮ ತಲೆಗೆ ಚಿಮುಕಿಸಿದರು. ದೀಪದ ಬೆಳಕು ಆ ಬೆರಳುಗಳ ಮೇಲೆ ಬಿದ್ದಾಗ ನನ್ನ ಉಸಿರು ಒಂದು ಗಳಿಗೆ ನಿಂತಿತು. ಇಷ್ಟು ಎತ್ತರದಲ್ಲಿ, ಆನೆ ಹುಲಿ ಓಡಾಡುವ ಕಾಡಿನ ನಡುವೆ, ಶತಮಾನಗಳಿಂದ ಒಬ್ಬ ಕೊಳಲೂದುವವನಿಗೆ ದಿನವೂ ಪೂಜೆ ನಡೆಯುತ್ತಿದೆ!

ಹೊಯ್ಸಳರಿಗೆ ಈ ರೂಪ ಬಹಳ ಪ್ರಿಯವಾಗಿತ್ತು. 1258ರ ಸುಮಾರಿನ ಸೋಮನಾಥಪುರದ ಗುಡಿಯಲ್ಲಿ ಮೂರು ಗರ್ಭಗುಡಿಗಳ ಪೈಕಿ ಒಂದು ವೇಣುಗೋಪಾಲನದೇ. ಅಲ್ಲಿ ಹಸುಗಳೂ ಗೋವಳರೂ ಕಲ್ಲಾಗಿಯೂ ಕಿವಿಗೊಟ್ಟು ನಿಂತಿದ್ದಾರೆ.

ನನ್ನನ್ನು ಇನ್ನಷ್ಟು ಬೆರಗುಗೊಳಿಸಿದ್ದು ಕಾಡಿನ ಕಥೆ. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1931ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದರಲ್ಲಿ 90 ಚದರ ಕಿಲೋಮೀಟರನ್ನು ಅಭಯಾರಣ್ಯ ಮಾಡಿದರು. ಆ ಕಾಡು ಪಡೆದ ಹೆಸರು ವೇಣುಗೋಪಾಲ ವನ್ಯಜೀವಿ ಉದ್ಯಾನ. ಬೆಟ್ಟದ ಮೇಲಿನ ದೇವರ ಹೆಸರನ್ನು ಕೆಳಗಿನ ಹುಲಿ, ಆನೆ, ಕಾಟಿಗಳ ನಾಡಿಗೇ ಇಟ್ಟುಬಿಟ್ಟರು. ನಾಲ್ವಡಿಯವರು ಎಂಟು ವಾದ್ಯ ನುಡಿಸಬಲ್ಲವರಾಗಿದ್ದರು ಎನ್ನುತ್ತಾರೆ. ಅದರಲ್ಲಿ ಕೊಳಲೂ ಒಂದು. ಕೊಳಲು ಬಲ್ಲ ಅರಸ ಕಾಯ್ದಿಟ್ಟ ಕಾಡಿಗೆ ಕೊಳಲ ದೇವರ ಹೆಸರು: ಇಂಥ ಕೂಡಿಕೆ ಇನ್ನೆಲ್ಲಿ ಸಿಕ್ಕೀತು?

1973ರಲ್ಲಿ ಹುಲಿ ಯೋಜನೆ ಬಂತು. ಬಂಡೀಪುರ ಎಂಬ ಹೆಸರೇ ಗಟ್ಟಿಯಾಯಿತು, ವೇಣುಗೋಪಾಲ ಹಿಂದಕ್ಕೆ ಸರಿದ. ಕಾಡು ಉಳಿಯಿತು, ಹುಲಿ ಉಳಿಯಿತು. ಅದು ಸಣ್ಣ ಮಾತಲ್ಲ. ಆದರೆ ದನದ ಹಿಂಡು ಹೊಡೆದುಕೊಂಡು ಕಾಡಿಗೆ ನುಗ್ಗುವ ಕಾಲ ಮುಗಿಯಿತು, ಅದರ ಜತೆಗೆ ಹಗಲಿಡೀ ಬಿಡುವಾಗಿದ್ದ ಬೆರಳುಗಳೂ ಹೋದವು. ಹಂಗಳದ ಟೀ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಕೊಳಲಿನ ಬಗ್ಗೆ ಕೇಳಿದೆ.

"ಚಿಕ್ಕಂದ್ನಲ್ಲಿ ದನ ಬುಟ್ಕಂಡು ಊದ್ತಿದ್ದೊ ಕನ ಸಾರ್. ನಾ ಊದ್ರೆ ನಮ್ ಕೆಂದಸ ಎಲ್ಲಿದ್ರೂ ಬರದು. ಈಗ ಯಾರ್ ಕಾದರು, ಯಾರ್ ಊದರು?" ಎಂದರು.

ನಮ್ಮ ಮಕ್ಕಳೆಲ್ಲ ಕಲಿಯುವ ಗೋವಿನ ಹಾಡಿನ ಗೊಲ್ಲನೂ ದನ ಕರೆಯುವುದು ಕೊಳಲಿನಿಂದಲೇ. ಕಥೆಯೆಂದುಕೊಂಡಿದ್ದು ಈ ಅಜ್ಜನಿಗೆ ದಿನದ ಕೆಲಸವಾಗಿತ್ತು. ಮನೆಯಿಂದ ಹಳೆಯ ಕೊಳಲು ತರಿಸಿ ನನ್ನ ಕೈಗಿತ್ತರು. ಗೇಣಿಗಿಂತ ತುಸು ಉದ್ದ. ಕಾದ ಸಲಾಕೆಯಿಂದ ಸುಟ್ಟು ಮಾಡಿದ ಆರು ತೂತು, ಅಂಚು ಇನ್ನೂ ಕಪ್ಪಗಿತ್ತು. ಬೆರಳೂರುವ ಕಡೆ ಬಿದಿರು ಸವೆದು ಎಣ್ಣೆಗಂಬದಂತೆ ಮಿನುಗುತ್ತಿತ್ತು. ಎಲ್ಲ ಬಿದಿರೂ ಕೊಳಲಾಗುವುದಿಲ್ಲ. ಈ ಕಾಡಿನ ಕಿರುಬಿದಿರು ಒಳಗೆ ಹೆಚ್ಚುಕಡಿಮೆ ಗಟ್ಟಿ. ದೊಣ್ಣೆಗೆ, ಕಾವಿಗೆ ಸರಿ. ಕೊಳಲಿಗೆ ಬೇಕಾದ್ದು ತೆಳು ಗೋಡೆ, ಗೆಣ್ಣಿಗೂ ಗೆಣ್ಣಿಗೂ ಉದ್ದದ ಅಂತರ. ಹಾಗಾಗಿ ಘಟ್ಟದ ಮಳೆಕಾಡಿನ ವಾಟೆಬಿದಿರಿಗೆ ಬೆಲೆ.

ದನಗಾಹಿಯ ಈ ತುಂಡು ಕಚೇರಿಯ ಮುಖ್ಯ ಪೀಠಕ್ಕೆ ಏರಿದ್ದು ತೀರ ಈಚೆಗೆ. ಕುಂಭಕೋಣದ ಶರಭ ಶಾಸ್ತ್ರಿಗಳು, ಎಳವೆಯಲ್ಲೇ ಕಣ್ಣು ಕಳೆದುಕೊಂಡವರು, 1872ರಿಂದ 1904ರವರೆಗಿನ ತಮ್ಮ ಚಿಕ್ಕ ಬಾಳಿನಲ್ಲಿ ಕರ್ನಾಟಕ ಸಂಗೀತದ ಕಚೇರಿಯನ್ನು ಕೊಳಲೊಂದರಿಂದಲೇ ನಡೆಸಬಹುದೆಂದು ತೋರಿಸಿದರು. ಉತ್ತರಾದಿಯಲ್ಲಿ ಪನ್ನಾಲಾಲ್ ಘೋಷರು ಉದ್ದನೆಯ ಬಾನ್ಸುರಿ ಮಾಡಿಸಿ, ಏಳನೆಯ ತೂತು ಕೊರೆದು, ಖಯಾಲನ್ನು ಅದರಲ್ಲಿ ಇಳಿಸಿದರು. ನಮ್ಮವರೇ ಆದ ರುದ್ರಪಟ್ಟಣದ ಶಶಾಂಕ್, ಧಾರವಾಡದ ಪ್ರವೀಣ್ ಗೋಡ್ಖಿಂಡಿ ಆ ಎರಡು ದಾರಿಗಳಲ್ಲಿ ನಡೆದು ಜಗತ್ತು ಸುತ್ತಿದ್ದಾರೆ.

ಹಟ್ಟಿಯ ಕೊಳಲು ಇನ್ನೂ ದೇವರ ಜತೆಯಲ್ಲೇ ಇರುವುದನ್ನು ನೋಡಬೇಕಾದರೆ ಶಿರಾ, ಚಿತ್ರದುರ್ಗದ ಕಡೆ ಹೋಗಬೇಕು. ಅಲ್ಲಿನ ಕಾಡುಗೊಲ್ಲರ ವೀರ ಜುಂಜಪ್ಪನ ವಾದ್ಯ ಗಣೆ: ಆಳೆದೆಗೆ ಬರುವಷ್ಟು ಉದ್ದದ ಬಿದಿರು ಕೊಳಲು. ಜುಂಜಪ್ಪನ ಕಥೆ ಹಾಡುವಲ್ಲಿ ಗಣೆ ಇರಲೇಬೇಕು. ಅದರ ತಗ್ಗಿದ, ದಪ್ಪ ದನಿ ಹಾಡಿನ ಅಡಿಯಲ್ಲಿ ಹರಿಯುತ್ತಿರುತ್ತದೆ. ಅದು ಅವರಿಗೆ ವಾದ್ಯವೂ ಹೌದು, ದೈವವೂ ಹೌದು.

ಒಂದು ಆಸೆ ಹೇಳಿಬಿಡುತ್ತೇನೆ. ಶಿರಾ ಕಡೆಯ ಗಣೆಗಾರರು, ಮೈಸೂರಿನ ಕಚೇರಿ ವಿದ್ವಾಂಸರು, ಧಾರವಾಡದ ಬಾನ್ಸುರಿಯವರು ವರ್ಷಕ್ಕೊಮ್ಮೆ ಹಂಗಳದಲ್ಲಿ ಸೇರಬೇಕು. ಕಾಡಿನಂಚಿನ ಪ್ರಾಣಿಗಳಿಗೆ ಕಿರುಕುಳವಾಗದಂತೆ ಊರೊಳಗೆ, ಹಗಲು ಹೊತ್ತಿನಲ್ಲಿ, ಮೈಕಿಲ್ಲದೆ ನುಡಿಸಬೇಕು. ಮೊದಲು ಊದುವವರು ಮಾತ್ರ ಕೆಂದಸುವನ್ನು ಕರೆದ ಆ ಅಜ್ಜನೇ ಆಗಬೇಕು.