ರಿಮೋಟ್ ಕೈಕೊಟ್ಟಾಗ

ಹೋದ ತಿಂಗಳು ಅರಸೀಕೆರೆಯಲ್ಲಿ ಸೀಮಂತದ ಊಟ ಮುಗಿಸಿ ಹೊರಟೆವು. ಇವರು ಕಾರಿನ ರಿಮೋಟ್ ಒತ್ತಿದ್ದೇ ಒತ್ತಿದ್ದು, ಬಾಗಿಲು ಜಪ್ಪಯ್ಯ ಅಂದರೂ ತೆರೀಲಿಲ್ಲ. ಸುಡು ಬಿಸಿಲು, ಹೆಗಲ ಮೇಲೆ ಮೊಮ್ಮಗ. "ಮೆಕ್ಯಾನಿಕ್‌ನ ಕರೆಸ್ಬೇಕು ಕಣೇ" ಅಂದರು.

ಬೇಕಾಗಲಿಲ್ಲ ನೋಡಿ! ಇಂಥ ರಿಮೋಟಿನ ಹೊಟ್ಟೆಯೊಳಗೇ ಸಾಮಾನ್ಯವಾಗಿ ಪುಟ್ಟ ಕೀಲಿಯೊಂದು ಅಡಗಿರುತ್ತೆ. ಅದನ್ನೆಳೆದು ಬಾಗಿಲು ತೆರೆದೆವು. ನಮ್ಮದು ಗುಂಡಿ ಒತ್ತಿ ಚಾಲೂ ಮಾಡುವ ಗಾಡಿ. ರಿಮೋಟನ್ನು ಆ ಗುಂಡಿಗೇ ತಾಗಿಸಿ ಹಿಡಿದಾಗ ಹೊರಟಿತು. ಒಳಗಿನ ಚಿಪ್‌ಗೆ ಆಗ ಕಾರೇ ಶಕ್ತಿ ಕೊಡುತ್ತದೆ.

ಮನೆಗೆ ಬಂದು, ಯಾವ ಮುಖ ಮೇಲಿತ್ತೆಂದು ನೋಡಿಕೊಂಡು, ಬಿಲ್ಲೆಯಂಥ ಬ್ಯಾಟರಿ ಬದಲಿಸಿದವಳು ನಾನೇ. ಅದರ ಮೇಲೇ ಬರೆದಿತ್ತು: ಸಿಆರ್ 2032, 3 ವೋಲ್ಟ್.

ಜಂಬದಿಂದ ಕಾಫಿಗೆ ಹಾಲಿಟ್ಟು ಬರುವಷ್ಟರಲ್ಲಿ, ಮೇಜಿನ ಮೇಲಿಟ್ಟಿದ್ದ ಹಳೇ ಬಿಲ್ಲೆ ಮೊಮ್ಮಗನ ತುಟಿಯ ಹತ್ತಿರವಿತ್ತು! ಕಸಿದುಕೊಂಡೆ. ರಿಮೋಟಿಗೆ ಸಾಲದ ಬಿಲ್ಲೆಯೂ ಅನ್ನನಾಳದಲ್ಲಿ ಸಿಕ್ಕರೆ 2 ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು, ಗೊತ್ತೇ? ಮಗು ನುಂಗಿದೆ ಅನ್ನಿಸಿದರೂ ಸಾಕು, ವಾಂತಿ ಮಾಡಿಸಲು ಹೋಗದೆ ಕೂಡಲೇ ದೊಡ್ಡಾಸ್ಪತ್ರೆಗೆ ಓಡಿ.

ಈಗ ಹಳೇ ಬಿಲ್ಲೆಗಳ ಎರಡೂ ಮುಖಕ್ಕೆ ಟೇಪ್ ಸುತ್ತಿ ಅಟ್ಟದ ಡಬ್ಬಿಗೆ ಹಾಕುತ್ತೇನೆ. ಇವರು ನಗುತ್ತಾರೆ, ನಗಲಿ ಬಿಡಿ.