44ನೇ ಸಾಲು

ಲ್ಯಾಪ್‌ಟಾಪಿನ ಕಾವು ತೊಡೆಗೆ ತಾಗುತ್ತಿದೆ. ಪಕ್ಕದಲ್ಲಿ ಆರಿಹೋದ ಕಾಫಿಯ ಕಮಟು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್‌ನಲ್ಲಿ, ಥಾಮಸ್ ಹರ್ನ್‌ಡನ್ ಎಂಬ 28ರ ಹರೆಯದ ಪಿಎಚ್‌.ಡಿ. ವಿದ್ಯಾರ್ಥಿಯ ಜಾಗದಲ್ಲಿ ನೀವು ಕೂತಿದ್ದೀರಿ. ತರಗತಿಯಲ್ಲಿ ಕೊಟ್ಟ ಕೆಲಸ ಇಷ್ಟೇ: ಹೆಸರಾಂತ ಅರ್ಥಶಾಸ್ತ್ರ ಪ್ರಬಂಧವೊಂದನ್ನು ಆರಿಸಿಕೊಳ್ಳಿ, ಅದರ ಲೆಕ್ಕವನ್ನು ಮತ್ತೆ ಮಾಡಿ, ಅದೇ ಉತ್ತರ ತನ್ನಿ.

ಅದೇ ಉತ್ತರ ಬರುತ್ತಿಲ್ಲ. ಎಷ್ಟು ಸಲ ಕೂಡಿದರೂ ಬರುತ್ತಿಲ್ಲ. ತಪ್ಪು ನಿಮ್ಮದೇ ಇರಬೇಕೆಂದು ಅಧ್ಯಾಪಕರೂ ಅನುಮಾನಿಸಿದ್ದಾರೆ. ಯಾಕೆಂದರೆ ನೀವು ಆರಿಸಿಕೊಂಡಿರುವುದು ಹಾರ್ವರ್ಡ್‌ನ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅವರ 2010ರ ಪ್ರಬಂಧ. ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ನೆಲಕಚ್ಚುತ್ತದೆ, ಸರಾಸರಿ ಶೇ. ಮೈನಸ್ 0.1 ಆಗುತ್ತದೆ ಎನ್ನುತ್ತದೆ ಅದು. ಸರ್ಕಾರಗಳು ಖರ್ಚಿಗೆ ಕತ್ತರಿ ಹಾಕಬೇಕೆಂದು ವಾದಿಸಿದ ಹಲವರು ಈ ಅಂಕಿಯನ್ನು ಹಿಡಿದುಕೊಂಡಿದ್ದಾರೆ. ಕತ್ತರಿ ಬಿದ್ದ ಕಡೆ ಜನರ ಪಿಂಚಣಿ ಇದೆ, ಸಂಬಳ ಇದೆ.

ಲೇಖಕರನ್ನೇ ಕೇಳಿದಿರಿ. ಅವರು ಮೂಲ ಎಕ್ಸೆಲ್ ಕಡತ ಕಳಿಸಿಕೊಟ್ಟಿದ್ದಾರೆ. ಅದೀಗ ತೆರೆದಿದೆ.

ಸಾಲು ಸಾಲು ದೇಶಗಳು, ಒಟ್ಟು 20. ಕೆಲವು ಸೆಲ್‌ಗಳಲ್ಲಿ ಅಂಕಿ, ಕೆಲವುಗಳಲ್ಲಿ ಅಂಕಿ ಇಲ್ಲ. ಕೆಳಗೆ, ಎಲ್ ಕಾಲಂನ 51ನೇ ಸೆಲ್‌ನಲ್ಲಿ ಆ ಮೈನಸ್ 0.1. ಎರಡು ಸಲ ಕ್ಲಿಕ್ ಮಾಡುತ್ತೀರಿ. ಸೂತ್ರ ಬಿಚ್ಚಿಕೊಳ್ಳುತ್ತದೆ: ಆವರೇಜ್, ಎಲ್ 30ರಿಂದ ಎಲ್ 44. ಇರುವ ಅಂಕಿಗಳನ್ನೆಲ್ಲ ಕೂಡಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸುವ ಸೂತ್ರ. ಅದು ಕೂಡಿದ ಸೆಲ್‌ಗಳ ಸುತ್ತ ನೀಲಿ ಗೆರೆಯ ಚೌಕಟ್ಟು ಮೂಡುತ್ತದೆ. ನಿಮ್ಮ ಕಣ್ಣು ಗೆರೆ ಹಿಡಿದು ಕೆಳಗಿಳಿಯುತ್ತದೆ. 42. 43. 44. ಗೆರೆ ನಿಂತಿತು.

ದೇಶಗಳು ನಿಂತಿಲ್ಲ.

ಡೆನ್ಮಾರ್ಕ್. ಕೆನಡಾ. ಬೆಲ್ಜಿಯಂ. ಆಸ್ಟ್ರಿಯಾ. ಆಸ್ಟ್ರೇಲಿಯಾ. 49ನೇ ಸಾಲಿನವರೆಗೆ ಐದು ದೇಶಗಳು ಚೌಕಟ್ಟಿನ ಹೊರಗೆ. ಬೆಲ್ಜಿಯಂ ಎದುರಿಗೆ 2.6 ಎಂದು ಕಣ್ಣಿಗೆ ಹೊಡೆಯುವಂತೆ ಬರೆದಿದೆ. ಅದನ್ನು ಯಾರೂ ಕೂಡಿಲ್ಲ. ಎಕ್ಸೆಲ್ ತಕರಾರು ಎತ್ತಿಲ್ಲ. ಹೇಳಿದಷ್ಟನ್ನು ಕೂಡಿದೆ, ಬಿಟ್ಟದ್ದರ ಸೊಲ್ಲೆತ್ತಿಲ್ಲ.

ಗಂಟಲು ಒಣಗುತ್ತದೆ. ಕಿವಿಯಲ್ಲಿ ನಿಮ್ಮದೇ ಎದೆಬಡಿತ. ಗೆಳತಿಯನ್ನು ಕರೆದು ತೋರಿಸುತ್ತೀರಿ: ನನಗೆ ಕಾಣುತ್ತಿರುವುದು ನಿಜವೇ? ಆಕೆಗೂ ಅದೇ ಕಾಣುತ್ತದೆ.

ಈಗ ಏನು ಮಾಡುತ್ತೀರಿ? ಸುಮ್ಮನಿದ್ದರೆ ಅಂಕ ಸಿಗುತ್ತದೆ, ಪದವಿಯೂ ಸಿಗುತ್ತದೆ. ಬಾಯಿಬಿಟ್ಟರೆ, ಹೆಸರಿಲ್ಲದ ವಿದ್ಯಾರ್ಥಿಯೊಬ್ಬ ಹಾರ್ವರ್ಡ್‌ನ ಇಬ್ಬರು ದೊಡ್ಡವರು ಕೂಡುವುದರಲ್ಲಿ ತಪ್ಪಿದ್ದಾರೆ ಎಂದಂತೆ. ನಿಮ್ಮದೇ ಒಂದು ಅಂಕಿ ಜಾರಿದ್ದರೂ ಮುಗಿಯಿತು. ಮತ್ತೆ ಮೊದಲಿನಿಂದ ಕೂಡಿ ನೋಡುತ್ತೀರಿ.

ಕೂಡಿದಷ್ಟೂ ಇನ್ನಷ್ಟು ಕಾಣುತ್ತದೆ. ಬಿಟ್ಟ ಐದು ದೇಶಗಳಿಂದ ಆಗಿರುವ ವ್ಯತ್ಯಾಸ 0.3 ಮಾತ್ರ. ಅದಕ್ಕಿಂತ ದೊಡ್ಡದು ಬೇರೆ ಇದೆ. ಭಾರೀ ಸಾಲ ಹೊತ್ತೂ ಬ್ರಿಟನ್ 19 ವರ್ಷ ಸರಾಸರಿ 2.4ರಂತೆ ಬೆಳೆದಿತ್ತು, ನ್ಯೂಜಿಲೆಂಡ್‌ನಿಂದ ತೆಗೆದುಕೊಂಡಿರುವುದು 1951ರ ಒಂದೇ ವರ್ಷ, ಮೈನಸ್ 7.6. ಎರಡಕ್ಕೂ ಸಮಾನ ತೂಕ! ನ್ಯೂಜಿಲೆಂಡ್‌ನ 1946ರಿಂದ 1949ರವರೆಗಿನ ವರ್ಷಗಳು ಲೆಕ್ಕದಲ್ಲೇ ಇಲ್ಲ. ಎಲ್ಲವನ್ನೂ ಸರಿಪಡಿಸಿ ಕೊನೆಯ ಸಲ ಎಂಟರ್ ಒತ್ತುತ್ತೀರಿ. ಮೈನಸ್ ಇಲ್ಲ. 2.2.

ಅನುಮಾನಿಸಿದ್ದ ಅಧ್ಯಾಪಕರು, ಮೈಕೆಲ್ ಆಶ್ ಮತ್ತು ರಾಬರ್ಟ್ ಪೋಲಿನ್, ಈಗ ನಿಮ್ಮ ಜೊತೆ ಸಹಿ ಹಾಕುತ್ತಾರೆ. 2013ರ ಏಪ್ರಿಲ್‌ನಲ್ಲಿ ಬರಹ ಹೊರಬರುತ್ತದೆ. ರೈನ್‌ಹಾರ್ಟ್ ಮತ್ತು ರೋಗಾಫ್ ಸೂತ್ರದ ತಪ್ಪನ್ನು ಒಪ್ಪಿಕೊಳ್ಳುತ್ತಾರೆ, ವಾದವನ್ನು ಬಿಟ್ಟುಕೊಡುವುದಿಲ್ಲ. ಕೇಳಿದ ವಿದ್ಯಾರ್ಥಿಗೆ ಅವರು ಕಡತ ಕೊಟ್ಟರು ಎಂಬುದನ್ನು ನಾನು ದೊಡ್ಡ ಮಾತೆಂದೇ ಎಣಿಸುತ್ತೇನೆ. ಕೊಡದಿದ್ದರೆ ಈ ತಪ್ಪು ಹೊರಬೀಳುತ್ತಿರಲಿಲ್ಲ.

ನಿಮ್ಮ ಸಂಘದ ಲೆಕ್ಕವೋ, ಕಚೇರಿಯ ಸಂಬಳದ ಪಟ್ಟಿಯೋ ಎಕ್ಸೆಲ್‌ನಲ್ಲಿದ್ದರೆ, ಮೊತ್ತಕ್ಕೆ ಸಹಿ ಹಾಕುವ ಮೊದಲು ಆ ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಸೂತ್ರ ಯಾವ ಸಾಲಿಗೆ ನಿಂತಿದೆ, ಕೊನೆಯ ಹೆಸರು ಯಾವ ಸಾಲಿನಲ್ಲಿದೆ, ಎರಡನ್ನೂ ನೋಡಿ.