ಭಯ ಇಲ್ಲ ಅನ್ನುವವರು

ಫಿಸಿಯೋಥೆರಪಿ ಕೋಣೆ. ಸೊಂಟದೆತ್ತರದ ಎರಡು ಕಂಬಿಗಳ ನಡುವೆ ಲಕ್ವ ಹೊಡೆದವರು ಒಬ್ಬೊಬ್ಬರಾಗಿ ನಡೆಯುತ್ತಾರೆ. ಸೋದರಮಾವನನ್ನು ಕರೆತಂದ ನನಗೆ ಬೆಂಚಿನ ಮೇಲೆ ಕೂತು ನೋಡುವುದಷ್ಟೇ ಕೆಲಸ. "ಬಿದ್ದುಬಿಡ್ತೀನಿ ಅಂತ ಭಯ ಆಗುತ್ತಾ?" ಎಂದು ಥೆರಪಿಸ್ಟ್ ಹುಡುಗಿ ಎಲ್ಲರನ್ನೂ ಕೇಳುತ್ತಾಳೆ. ಗಂಡಸರದು ಹೆಚ್ಚುಕಡಿಮೆ ಒಂದೇ ಉತ್ತರ: "ಭಯ ಎಂಥದ್ದು!" ಹಾಗನ್ನುವಾಗ ಸರಿಯಿರುವ ಕೈ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ ಬೆರಳ ಗೆಣ್ಣುಗಳು ಬಿಳಿಚಿಕೊಂಡಿರುತ್ತವೆ. ಹೆಂಗಸರು ಕೇಳುವ ಮೊದಲೇ "ಅಯ್ಯೋ, ಬಿದ್ದೇಬಿಡ್ತೀನಿ ಕಣಮ್ಮ" ಅನ್ನುತ್ತಾರೆ. ಅನ್ನುತ್ತಲೇ ಕಂಬಿ ಬಿಟ್ಟು ಸೆರಗು ಸರಿಮಾಡಿಕೊಳ್ಳುತ್ತಾರೆ. ಯಾರ ಮಾತನ್ನು ನಂಬುವುದು?

*

ಈ ಭಯವನ್ನು ಅಳೆಯಲು ಪ್ರಶ್ನಾವಳಿಯಿದೆ. ಅಮೆರಿಕದ ವೈದ್ಯೆ ಮೇರಿ ಟಿನೆಟ್ಟಿ ಮತ್ತು ಜೊತೆಗಾರರು 1990ರಲ್ಲಿ 10 ಪ್ರಶ್ನೆಗಳದ್ದೊಂದನ್ನು ರೂಪಿಸಿದರು. 2005ರಲ್ಲಿ ಯುರೋಪಿನ ಸಂಶೋಧಕರು ಅದನ್ನು 16 ಪ್ರಶ್ನೆಗಳಿಗೆ ಬೆಳೆಸಿದರು. ಮನೆ ಸ್ವಚ್ಛ ಮಾಡುವಾಗ, ಅಡುಗೆ ಮಾಡುವಾಗ, ಸ್ನಾನ ಮಾಡುವಾಗ, ಮೆಟ್ಟಿಲು ಹತ್ತಿಳಿಯುವಾಗ, ಫೋನ್ ನಿಲ್ಲುವ ಮೊದಲೇ ಹೋಗಿ ಎತ್ತುವಾಗ ಬಿದ್ದೇನೆಂಬ ಆತಂಕ ಎಷ್ಟು? ಒಂದೊಂದಕ್ಕೂ 1ರಿಂದ 4 ಅಂಕ. ಒಟ್ಟು 16ರಿಂದ 64. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಹೆಂಗಸರ ಅಂಕವೇ ಹೆಚ್ಚು.

ಮಾವ ಅಡುಗೆಗೆ 1 ಅಂದರು. ಮನೆ ಸ್ವಚ್ಛ ಮಾಡುವುದಕ್ಕೂ 1. ಜನ್ಮದಲ್ಲಿ ಪೊರಕೆ ಮುಟ್ಟಿದವರಲ್ಲ! ಮಾಡದ ಕೆಲಸವಾದರೆ, ಮಾಡುವಂತಿದ್ದರೆ ಹೇಗನ್ನಿಸುತ್ತಿತ್ತು ಎಂದು ಊಹಿಸಿ ಉತ್ತರಿಸಬೇಕೆಂಬ ಸೂಚನೆ ಕಾಗದದಲ್ಲೇ ಇದೆ. ಆದರೆ ಎರಡು ಕೈ ಗಟ್ಟಿಯಿದ್ದಾಗಲೂ ಒಲೆಯಿಂದ ಕುದಿವ ಸಾರಿನ ಪಾತ್ರೆ ಇಳಿಸದವರು, ಈಗ ಒಂದೇ ಕೈಯಲ್ಲಿ ಇಳಿಸುವ ಭಯವನ್ನು ಊಹಿಸಿಕೊಳ್ಳುವುದು ಹೇಗೆ? ಗಂಡು ಹೆಣ್ಣಿನ ಅಂಕಗಳ ಈ ಅಂತರದಲ್ಲಿ ಭಯದ ಪಾಲೆಷ್ಟು, ಮನೆಗೆಲಸದ ಪಾಲೆಷ್ಟು ಎಂಬುದು ನನಗಂತೂ ಬಗೆಹರಿದಿಲ್ಲ.

*

ಭಯ ಸುಮ್ಮನೆ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದ 108 ಮಂದಿಯನ್ನು ಆರು ತಿಂಗಳು ಗಮನಿಸಿದ ವರದಿ 1995ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 73 ಜನ ಒಮ್ಮೆಯಾದರೂ ಬಿದ್ದಿದ್ದರು. ಪಾದದ ಮುಂಭಾಗ ಮೇಲೇಳದೆ ಹೆಬ್ಬೆರಳು ಹೊಸ್ತಿಲಿಗೆ ಎಡವುತ್ತದೆ. ಬೀಳುವುದು ಹೆಚ್ಚಾಗಿ ಸೋತ ಬದಿಗೇ. ತಡೆಯಲು ಆ ಕೈ ಮುಂದೆ ಬರುವುದಿಲ್ಲ. ಭಾರ ಹೊರದೆ ಆ ಕಡೆಯ ಮೂಳೆಯೂ ಸವೆದಿರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಇನ್ನೂ ಬೇಗ ಸವೆಯುತ್ತದೆ. ಅವರ "ಅಯ್ಯೋ"ಗೆ ಲೆಕ್ಕವಿದೆ.

*

ಮಾವನ ಊಟ. ಎಲೆಯ ಎಡಗಡೆ ಬಡಿಸಿದ ಉಪ್ಪಿನಕಾಯಿ, ಕೋಸಂಬರಿ ಹಾಗೇ ಉಳಿದಿರುತ್ತವೆ. ಬೇಡವೆಂದಲ್ಲ, ಅವು ಅಲ್ಲಿರುವುದೇ ಗಮನಕ್ಕೆ ಬಂದಿರುವುದಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಲೋಕವೇ ಗಮನದಿಂದ ಜಾರಿಹೋಗುತ್ತದೆ. ತಮ್ಮ ಎಡಗಾಲು ಸೋತಿದೆಯೆಂಬುದೇ ಗೊತ್ತಿಲ್ಲದವರೂ ಇದ್ದಾರೆ. ಅಂಥವರು ಭಯವಿಲ್ಲ ಅಂದರೆ ಅದು ಸುಳ್ಳಲ್ಲ. ಅದೇ ಹೆಚ್ಚು ಅಪಾಯ. ಮಾವನ "ಭಯ ಎಂಥದ್ದು"ವಿನಲ್ಲಿ ಗಂಡಸಿನ ಜಂಬವೆಷ್ಟು, ಮಿದುಳಿನ ಗಾಯವೆಷ್ಟು?

*

1997ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಪುಟ್ಟ ಅಧ್ಯಯನವೊಂದು. ವೃದ್ಧರು ನಡೆಯುತ್ತಿರುವಾಗ ಜೊತೆಯಲ್ಲಿದ್ದವರು ಮಾತಿಗೆಳೆದರು. ಮಾತಾಡಲು ನಿಂತೇಬಿಟ್ಟವರಲ್ಲಿ ಹೆಚ್ಚಿನವರು ಮುಂದಿನ ಆರು ತಿಂಗಳಲ್ಲಿ ಬಿದ್ದರು. ಮಾವನೂ ನಿಲ್ಲುತ್ತಾರೆ. ಹಾಗಾಗಿ ಆಸ್ಪತ್ರೆಯ ಉದ್ದ ಮೊಗಸಾಲೆ ಮುಗಿಯುವವರೆಗೆ ಅತ್ತೆ ತುಟಿ ಬಿಚ್ಚುವುದಿಲ್ಲ. (ಇದು ಅತ್ತೆಗೆ ಸುಲಭದ ಕೆಲಸವಲ್ಲ.)

*

ಭಯಪಟ್ಟವರು ನಡೆಯುವುದು ಕಡಿಮೆ ಮಾಡುತ್ತಾರೆ, ನಡೆಯದೆ ಕಾಲು ಇನ್ನಷ್ಟು ಸೋಲುತ್ತದೆ, ಕಡೆಗೆ ಬೀಳುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತು. ನನ್ನ ಕಣ್ಣಿಗೆ ಬಿದ್ದದ್ದು ಮನೆಯವರು ಸೇರಿಸುವ ಭಯ. ಹೆಂಗಸು ಹೆದರಿಕೆಯೆಂದು ಬಾಯಿಬಿಟ್ಟರೆ ಸಾಕು, "ನೀವು ಏಳಲೇಬೇಡಿ ಅತ್ತೆ, ನಾನಿದ್ದೀನಿ" ಎಂದು ಸೊಸೆ ಕೂರಿಸುತ್ತಾಳೆ. ಪ್ರೀತಿಯಿಂದಲೇ. ಆದರೂ ಹಾಲುಕ್ಕಿದ ಸದ್ದಾದರೆ ಎಲ್ಲರಿಗಿಂತ ಮೊದಲು ಏಳುವವಳು ಆ ಹೆದರಿದವಳೇ. ಗಂಡಸನ್ನು ಕೂರಿಸುವವರಿಲ್ಲ. ಹೆಂಡತಿಯನ್ನು ಎಬ್ಬಿಸುವುದು ಮರ್ಯಾದೆಗೆ ಕಡಿಮೆಯೆಂದು ನಡುರಾತ್ರಿ ದೀಪವನ್ನೂ ಹಾಕದೆ ಬಚ್ಚಲಿಗೆ ಹೋಗುತ್ತಾನೆ.

*

ಸಂಜೆ ಅರಳಿಕಟ್ಟೆಗೆ ಹೋಗುವುದನ್ನು ಮಾವ ಬಿಟ್ಟಿದ್ದಾರೆ. ಯಾಕೆ ಅಂದರೆ, "ಅಲ್ಲಿ ಈಗ ಮಾತಾಡೋಕೆ ಯಾರಿದ್ದಾರೆ?" ಆಮೇಲೆ ಅಡುಗೆಮನೆಯಲ್ಲಿ ಅತ್ತೆ ದನಿ ತಗ್ಗಿಸಿ ಹೇಳಿದರು: "ದಾರೀಲಿ ಚರಂಡಿ ಇದೆಯಲ್ಲ, ಅದರ ಮೇಲಿನ ಚಪ್ಪಡಿ ಅಲ್ಲಾಡುತ್ತೆ." 16 ಪ್ರಶ್ನೆಗಳಲ್ಲಿ ಸಿಗದ ಉತ್ತರ ಇಲ್ಲಿ ಸಿಕ್ಕಿತು. ಮಾವ ಹೇಳಿದ್ದಲ್ಲ, ಬಿಟ್ಟದ್ದು.

ನಿಮ್ಮ ಮನೆಯಲ್ಲಿ ಲಕ್ವ ಹೊಡೆದವರಿದ್ದರೆ ಭಯವಾಗುತ್ತದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಮೊದಲು ಮಾಡುತ್ತಿದ್ದ ಯಾವ ಯಾವ ಕೆಲಸ ಬಿಟ್ಟಿದ್ದಾರೆ ನೋಡಿ, ಅದನ್ನು ಥೆರಪಿಸ್ಟ್‌ಗೆ ತಿಳಿಸಿ. ಬಚ್ಚಲ ಗೋಡೆಗೆ ಗಟ್ಟಿಯಾದ ಹಿಡಿಯೊಂದನ್ನು ಹಾಕಿಸಿ, ಸರಿಯಿರುವ ಕೈಗೆ ಎಟುಕುವ ಕಡೆ.